ಕ್ಯಾಮೆರಾ ಬಿಟ್ಟು ಹೊರಟವನು

ಬೀದಿಯವರೆಲ್ಲ ಅವನನ್ನು ಫೋಟೋದಣ್ಣ ಎನ್ನುತ್ತಿದ್ದರು. ಕಂಡವರ ಮದುವೆಗಳಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡ ಆಸಾಮಿ. ಅಂಥವನಿಗೆ, ಹೆಂಡತಿ, ಮಗಳು, ಮಗ, ಜೊತೆಗೊಬ್ಬ ಭಾವಮೈದ ಇಷ್ಟು ಜನ ಥೀಮ್ ಪಾರ್ಕಿಗೆ ಹೊರಟಾಗ ಯಾವ ಕ್ಯಾಮೆರಾ ಒಯ್ಯುವುದೆಂದೇ ತೋಚಲಿಲ್ಲ.

ಮಂಚದ ಮೇಲೆ ಅಂಗಡಿಯನ್ನೇ ಹರವಿಕೊಂಡು ಕೂತ. ಮೊಳದುದ್ದದ ಲೆನ್ಸ್ ಇದ್ದರೆ, ಮೇಲೆ ಗಿರಕಿ ಹೊಡೆಯುವ ಬಂಡಿಯಲ್ಲಿ ಕೂತ ಮಗಳ ಮುಖ ನೆಲದಿಂದಲೇ ಸಿಗುತ್ತದೆ. ಆದರೆ ದಿನವಿಡೀ ಹೊತ್ತರೆ ಹೆಗಲು ಕೈಕೊಡುತ್ತದೆ. ಚಿಕ್ಕ ಕ್ಯಾಮೆರಾ ಹಗುರ, ನಿಜ. ನೀರಾಟದ ಕಡೆ ನಾಲ್ಕು ಹನಿ ಸಿಡಿದರೆ ಅದರ ಕಥೆ ಮುಗಿಯಿತು. ಸ್ಟ್ಯಾಂಡನ್ನಂತೂ ಪಾರ್ಕಿನವರು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಅಳೆದೂ ಸುರಿದೂ ಮಧ್ಯಾಹ್ನ ಕಳೆಯಿತು.

"ಬಟ್ಟೆ ಮಡಚೋಕೆ ಜಾಗ ಬೇಕು," ಎಂದಳು ಹೆಂಡತಿ. "ಯಾವುದೋ ಒಂದು ತಗೊಳ್ಳಿ. ಅಲ್ಲೇನು ಮದುವೆ ನಡೀತಿದ್ಯಾ?"

ಹಿಂದಿನ ಪ್ರವಾಸಗಳಲ್ಲಿ ಯಾವ ಲೆನ್ಸ್ ಕೆಲಸಕ್ಕೆ ಬಂದಿತ್ತೋ ನೋಡೋಣವೆಂದು ಕಂಪ್ಯೂಟರ್ ತೆರೆದ. ಕೆರೆಯ ದೋಣಿಯಲ್ಲಿ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಚಿತ್ರವೊಂದಿತ್ತು. ಬಹಳ ಚೆನ್ನಾಗಿ ಬಂದಿತ್ತು. ಫೋಟೋ ತೆಗೆದವನು ಫೋಟೋದಲ್ಲಿ ಇರುವುದಿಲ್ಲ ಎನ್ನುವುದು ಅವನಿಗೆ ಹೊಸದೇನಲ್ಲ, ಅದು ಕಸುಬಿನ ಹಣೆಬರಹ. ಆದರೆ ಅವತ್ತು ಮಗ ಏನು ಹೇಳಿ ಎಲ್ಲರನ್ನೂ ನಗಿಸಿದ್ದ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ, ಅವನು ದಡದಲ್ಲಿದ್ದ. ಸ್ವಂತ ಹೆಂಡತಿ ಮಕ್ಕಳ ನಗು ಅವನಿಗೆ ಬಾಯಿಯ ಆಕಾರ ಮಾತ್ರವಾಗಿತ್ತು.

ಈ ಸಲ ಅವರ ಪಕ್ಕದಲ್ಲಿ ಕೂರಬೇಕು ಎಂದುಕೊಂಡ. ಎಲ್ಲವನ್ನೂ ಬೀರುವಿನೊಳಗೆ ತುಂಬಿ ಬೀಗ ಹಾಕಿದ. ಮನೆಯವರಿಗೆ ಹೇಳಲಿಲ್ಲ. ಗೊತ್ತಾದಾಗ ಖುಷಿಪಡುತ್ತಾರೆ ಎಂಬುದು ಪುಣ್ಯಾತ್ಮನ ಲೆಕ್ಕ.

ಪಾರ್ಕಿನ ಬಾಗಿಲಲ್ಲಿ ಹೆಂಡತಿ ಅವನ ಹೆಗಲು ನೋಡಿದಳು. "ಕ್ಯಾಮೆರಾ ಎಲ್ಲಿ?"

"ಮನೇಲಿದೆ."

"ಮರೆತು ಬಂದ್ರಾ?"

"ಇಲ್ಲ, ಬೇಕಂತಲೇ ಬಿಟ್ಟೆ. ನಿಮ್ಮ ಜೊತೆ ಇರೋಣ ಅಂತ."

"ಜೊತೆಗೇ ಇದೀರಲ್ಲ," ಎಂದಳು ಅವಳು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಮಗಳು ತನ್ನ ಹೊಸ ಹಳದಿ ಅಂಗಿ ನೋಡಿಕೊಂಡು, "ಮತ್ತೆ ಇದನ್ನ ಯಾಕೆ ಹಾಕ್ಕೊಂಡೆ ನಾನು?" ಎಂದು ಮುಖ ಊದಿಸಿದಳು. "ಹೋಗ್ಲಿ ಬಿಡೇ, ಫೋನಿದೆ," ಎಂದು ಭಾವಮೈದ ಸಮಾಧಾನ ಮಾಡಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಿರಕಿ ಬಂಡಿಯ ಸಾಲಿನಲ್ಲಿ ಅವನೂ ನಿಂತ. ಒಂದೊಂದು ಪೆಟ್ಟಿಗೆಯಲ್ಲಿ ಇಬ್ಬಿಬ್ಬರಿಗೆ ಜಾಗ. ಸರದಿ ಬಂದಾಗ ಹೆಂಡತಿ ಮಗನನ್ನು ಎಳೆದುಕೊಂಡಳು, ಮಗಳು ಮಾವನ ತೋಳು ಹಿಡಿದಳು. ಯಾರೂ ಯೋಚಿಸಿ ಮಾಡಿದ್ದಲ್ಲ. ವರ್ಷಗಟ್ಟಲೆ ಹಾಗೆಯೇ ಕೂತು ಅಭ್ಯಾಸ. ಹತ್ತುವ ಮೊದಲು ಹೆಂಡತಿ ಕೈಚೀಲ, ನೀರಿನ ಬಾಟಲಿ, ಮಕ್ಕಳ ಚಪ್ಪಲಿ ಎಲ್ಲವನ್ನೂ ಅವನಿಗೆ ಒಪ್ಪಿಸಿದಳು. "ನೀವು ಹೇಗೂ ಹತ್ತಲ್ವಲ್ಲ, ಹಿಡ್ಕೊಂಡಿರಿ."

ನಾನೂ ಬರುತ್ತೇನೆ ಎನ್ನಲು ಬಾಯಿ ತೆರೆದ. ಬಂಡಿಯವನು ಸರಳು ಇಳಿಸಿ ಆಗಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನಂತೆ ಫೋಟೋದಣ್ಣ ಸಾಲಿನಿಂದ ಹೊರಗೆ ಬಂದು ಬೇಲಿಯ ಬಳಿ ನಿಂತ.

ಬಂಡಿ ಮೇಲೇರಿ, ತಿರುವಿನಲ್ಲಿ ಅವನ ನೇರಕ್ಕೆ ಬಂತು. ನಾಲ್ಕು ಮುಖಗಳೂ ಒಮ್ಮೆಗೇ ಅವನತ್ತ ತಿರುಗಿದವು, ಹಲ್ಲು ಬಿಟ್ಟು, ಗದ್ದ ತುಸು ಎತ್ತಿ, ಅಲುಗದೆ ನಿಂತವು. ಅವನಿಗೆ ಎದೆ ತುಂಬಿ ಬಂತು. ಚೀಲಗಳನ್ನು ಒಂದೇ ತೋಳಿಗೆ ಸರಿಸಿ, ಇನ್ನೊಂದು ಕೈ ಎತ್ತಿ ಜೋರಾಗಿ ಬೀಸಿದ.

ಅವರಿಗೆ ಕಂಡಿದ್ದು ಖಾಲಿ ಕೈ, ಫೋನೂ ಇರಲಿಲ್ಲ. ನಗು ಇಳಿದು ಮುಖಗಳು ಮುಂದಕ್ಕೆ ತಿರುಗಿಕೊಂಡವು. ಎರಡನೆಯ ಸುತ್ತಿನಲ್ಲಿ ಯಾರೂ ಕೆಳಗೆ ನೋಡಲಿಲ್ಲ.