ವೀರವ್ವನ ಇಂದ್ರಪುಷ್ಪ

ಗಜೇಂದ್ರಗಡದ ಸೀರೆ ವ್ಯಾಪಾರಿ ಚಂದ್ರಶೇಖರಪ್ಪನ ಹೆಂಡತಿ ವೀರವ್ವನಿಗೆ ದೇವರು ಏನೂ ಕಡಿಮೆ ಮಾಡಿರಲಿಲ್ಲ. ತನಗೆ ಕೊಟ್ಟದ್ದನ್ನು ಓಣಿಯ ಉಳಿದ ಹೆಂಗಸರಿಗೂ ಕೊಡುತ್ತಾನಲ್ಲ ಎಂಬುದೊಂದೇ ಆಕೆಗೆ ಆತನ ಮೇಲಿದ್ದ ತಕರಾರು.

ಐವತ್ತಾರರ ಶ್ರಾವಣದಲ್ಲಿ ಕಾಲಕಾಲೇಶ್ವರನ ದರ್ಶನ ಮುಗಿಸಿ ಬರುವಾಗ ಗುಡ್ಡದ ಹುಲ್ಲಿನಲ್ಲಿ ಆಕೆಗೊಂದು ಹೂವು ಕಂಡಿತು. ಐದೆಸಳಿನ ಹೂವು, ಬಣ್ಣ ನೇರಳೆಹಣ್ಣಿನ ರಸಕ್ಕೆ ತುಸು ಹಾಲು ಬಿದ್ದಂತೆ. ಊರಿನಲ್ಲಿ ಯಾರೂ ಉಡದ ಬಣ್ಣ. ಗಿಡ ಕಿತ್ತುಕೊಂಡು, ಅದು ಬಾಡುವ ಮೊದಲೇ ನೇಕಾರ ಕಳಕಪ್ಪನ ಮಗ್ಗದ ಮುಂದೆ ಹೋಗಿ ನಿಂತಳು. ಸೀರೆಯ ಒಡಲು ಇದೇ ಬಣ್ಣದ್ದಾಗಬೇಕು, ಅಂಚಿನ ದಡಿ ಕೆಂಪು, ಇಂಥದು ಇನ್ನೊಂದು ನೇಯಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಕಳಕಪ್ಪ ಹೂಂ ಅಂದ. ಆತ ಯಾರು ಏನು ಹೇಳಿದರೂ ಹೂಂ ಅನ್ನುವವನೇ.

ಇನ್ನು ಹೂವಿಗೊಂದು ಹೆಸರು ಬೇಕಾಯಿತು. ಆ ಗುಡ್ಡದಲ್ಲಿ ಕುರಿ ಮೇಯಿಸುವ ಮರಿಯವ್ವನನ್ನು ಕರೆಸಿದಳು. ಮರಿಯವ್ವ ಹೂವಿನ ಕಡೆ ನೋಡಲೇ ಇಲ್ಲ, ಉದ್ದನೆಯ ಬೂದು ಎಲೆಯ ಮೇಲಿನ ರೋಮ ಸವರಿದಳು.

"ಕತ್ತಿಕಿವಿ ಅಂತೀವ್ರೀ ಇದಕ್ಕ. ಎಲಿ ನೋಡ್ರಿ, ಕತ್ತಿ ಕಿವಿ ಇದ್ದಂಗ ಐತಿ."

ಕತ್ತೆಯ ಕಿವಿಯ ಈ ಮಾತು ಹೊರಗೆ ಹೋಗಬಾರದೆಂದು ವೀರವ್ವ ಆಕೆಯ ಸೆರಗಿಗೆ ಜೋಳ ಸುರಿದು ಕಳಿಸಿದಳು. ಸಂಜೆಯೊಳಗೆ ತಾನೇ ಹೆಸರಿಟ್ಟಳು: ಇಂದ್ರಪುಷ್ಪ.

ದೀಪಾವಳಿ ಮುಗಿದ ಮೇಲೆ ನರಗುಂದದಲ್ಲಿ ಬಂಧುಗಳ ಮನೆಯ ಮದುವೆ. ಹೊಸ ಸೀರೆ ಉಟ್ಟ ವೀರವ್ವ ಹಂದರದಲ್ಲಿ ಕೂರಲೇ ಇಲ್ಲ. ಕೂತರೆ ಒಡಲು ಕಾಣುವುದಿಲ್ಲ. ಹೆಂಗಸರು ಸೆರಗು ಹಿಡಿದು ನೋಡಿದರು, ಬಣ್ಣ ಯಾವುದೆಂದು ಕೇಳಿದರು. ಇಂದ್ರಪುಷ್ಪದ ಬಣ್ಣ, ಹನ್ನೆರಡು ವರ್ಷಕ್ಕೊಮ್ಮೆ ನಮ್ಮ ಗುಡ್ಡದಲ್ಲಷ್ಟೇ ಅರಳುತ್ತದೆ ಎಂದಳು ಆಕೆ. ಎಸಳು ಎಷ್ಟು, ಎಲೆ ಎಂಥದು ಎಂದು ವಧುವಿನ ಸೋದರತ್ತೆ ಗೌರವ್ವ ಬಿಡದೆ ವಿಚಾರಿಸಿದಳು. ವೀರವ್ವ ಹಿಗ್ಗಿನಿಂದ ಎಲ್ಲವನ್ನೂ ಬಣ್ಣಿಸಿದಳು. ಗೌರವ್ವ ಎದ್ದು ಹಿತ್ತಿಲಿಗೆ ಹೋಗಿ, ಬೇಲಿಯಾಚೆಯ ಹುಲ್ಲಿನಿಂದ ಹೂಬಿಟ್ಟ ಒಂದು ಗಿಡವನ್ನು ಬೇರು ಸಹಿತ ಕಿತ್ತು ತಂದು ಸೀರೆಗೆ ಹಿಡಿದಳು. ಬಣ್ಣಕ್ಕೆ ಬಣ್ಣ ಕೂಡಿತು.

"ಇಂದ್ರ ನಮ್ಮ ಹಿತ್ಲಾಗೂ ಇಳದಾನ ನೋಡ್ರಿ. ನಾವು ಇದಕ್ಕ ಕತ್ತಿಕಿವಿ ಅಂತೀವಿ."

ಹಂದರ ನಕ್ಕಿತು. ಮದುಮಗಳೂ ಬಾಸಿಂಗ ಅಲುಗುವಂತೆ ನಕ್ಕಳು. ವೀರವ್ವ ಹೋಳಿಗೆಗೂ ನಿಲ್ಲದೆ ಗಾಡಿ ಹೂಡಿಸಿದಳು.

ಮನೆಯಲ್ಲಿ ಅಳುತ್ತಾ ಎಲ್ಲವನ್ನೂ ಹೇಳಿದರೆ ಗಂಡ ಕೇಳಿದ್ದೇ ಬೇರೆ:

"ನಗೂಕಿಂತ ಮೊದಲ ಎಷ್ಟ ಮಂದಿ ಸೆರಗ ಹಿಡದ ನೋಡಿದ್ರು, ಅದನ್ನ ಹೇಳು."

ಮರುದಿನವೇ ಆತ ಕಳಕಪ್ಪನಲ್ಲಿಗೆ ಹೋದ. ಕಳಕಪ್ಪ ಹೂಂ ಅಂದ. ಸಂಕ್ರಾಂತಿಯ ಹೊತ್ತಿಗೆ ರೋಣ, ಅಬ್ಬಿಗೇರಿಯ ಹೆಂಗಸರೂ ಅಂಗಡಿಗೆ ಬಂದು ಕತ್ತಿಕಿವಿ ಸೀರೆ ತೆಗೆಯಿರೆಂದು ಕೇಳತೊಡಗಿದರು. ಹಂದರದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೌರವ್ವ ಎರಡು ತರಿಸಿಕೊಂಡಳು.

ವೀರವ್ವ ಗಂಡನೊಂದಿಗೆ ಮಾತು ಬಿಟ್ಟಳು. ಆ ಹಂಗಾಮಿನ ಲಾಭದಲ್ಲಿ ಆತ ಬೆಳ್ಳಿಯ ಡಾಬು ತಂದಾಗಲೂ ತುಟಿ ಬಿಚ್ಚಲಿಲ್ಲ. ಸುಮ್ಮನೆ ಸೊಂಟ ಮುಂದೆ ಮಾಡಿದಳು.