ಅತ್ತೆಯ ಹೆಸರು ಇರಲಿ

ಕಾಪುವಿನ ಸೇವಾ ಕೇಂದ್ರವೊಂದರಲ್ಲಿ ರೇಷನ್ ಕಾರ್ಡ್ ತಿದ್ದುಪಡಿ ಮಾಡುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಸುಜಾತಾ ಎಂಬವರು ವಿಚ್ಛೇದನದ ಆದೇಶ ತೋರಿಸಿ, ತಮ್ಮ ಕಾರ್ಡಿನಿಂದ ಗಂಡನ ಹೆಸರು ತೆಗೆಯಲು ಹೇಳಿದರು. ಜೊತೆಗೆ ಅವರ ಅತ್ತೆಯೂ ಬಂದಿದ್ದರು.

“ಹಾಗಾದರೆ ಈ ಅಮ್ಮನ ಹೆಸರನ್ನೂ ತೆಗೆಯಬೇಕಲ್ವಾ?” ಎಂದೆ.

ಅತ್ತೆ ಮುಂದೆ ಬಂದರು. “ಎಂತಕ್ಕೆ? ಇವಳನ್ನು ಬಿಟ್ಟದ್ದು ನನ್ನ ಮಗ. ನಾನು ಬಿಟ್ಟಿಲ್ಲ ಮಾರಾಯ್ರೆ. ಇವಳು ಮೀನು ಮಾರಲು ಹೋದರೆ ಮಕ್ಕಳಿಗೆ ಅನ್ನ ಹಾಕಲು ಯಾರುಂಟು?”

“ಇವರ ಪಿಂಚಣಿಯಿಂದಲೇ ಈ ಸಲ ಮಕ್ಕಳ ಫೀಸು ಕಟ್ಟಿದ್ದು,” ಎಂದರು ಸುಜಾತಾ ಮೆಲ್ಲಗೆ.

ಸಂಬಂಧದ ಜಾಗದಲ್ಲಿ ‘ಅತ್ತೆ’ ಎಂದೇ ಉಳಿಸಿ ಅರ್ಜಿ ಕಳಿಸಿದೆ. ಕಂಪ್ಯೂಟರ್ ಏನೂ ಕೇಳದೆ ಒಪ್ಪಿಕೊಂಡಿತು. ಕೇಳಿದವನು ನಾನೊಬ್ಬನೇ.