ಸಿಗಡಿ ಡಬ್ಬಿಯ ಇಂಟರ್ನೆಟ್

ಮೊನ್ನೆ ಅಟ್ಟ ಜಾಡಿಸುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಸಿಕ್ಕಿತು. ಕೆಂಪು ಮುಚ್ಚಳ ತಿರುವಿದೆನೋ ಇಲ್ಲವೋ, ಸಿಗಡಿ ಉಪ್ಪಿನಕಾಯಿಯ ಘಾಟು ಮೂಗಿಗೆ ಬಡಿಯಿತು. ನೀವು ನಂಬಬೇಕು, ನಮ್ಮದು ಮೀನು ಮುಟ್ಟದ ಮನೆ. ಬೆಳಗಾವಿ ಕಡೆಯಿಂದ ಬಂದು ಗೋವಾದ ಕೊರ್ತಾಲಿಮ್‌ನಲ್ಲಿ ಅಂಗಡಿ ಇಟ್ಟು ಇಷ್ಟು ವರ್ಷವಾದರೂ, ಮೀನಿನ ಬುಟ್ಟಿ ಬಾಗಿಲ ಮುಂದೆ ಹಾದರೆ ನಾನು ಉಸಿರು ಬಿಗಿಹಿಡಿದು ನಿಲ್ಲುವವನು. ಸಾಲದ್ದಕ್ಕೆ ನಾನು ಸ್ಟೀಲ್ ಪಾತ್ರೆಗಳ ವ್ಯಾಪಾರಿ. ಪ್ಲಾಸ್ಟಿಕ್ ಕಂಡರೆ ನನಗೆ ಹೊಟ್ಟೆಯುರಿ. ಅಂಥವನ ಅಟ್ಟಕ್ಕೆ ಈ ಡಬ್ಬಿ ಹೇಗೆ ಬಂತು ಎಂದು ಹೇಳಬೇಕಾದರೆ ನನ್ನ ಮಗಳ ಕಿವಿಯಿಂದ ಶುರು ಮಾಡಬೇಕು.

ಮಗಳು ಗೌರಿ ಒಂದೂವರೆ ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅಂಗಡಿಯ ಮೂಲೆಯಲ್ಲಿ ಮಲಗಿದ್ದಳು. ನನ್ನ ಕೈ ತಪ್ಪಿ ಒಂದು ಅಟ್ಟಿ ತಟ್ಟೆಗಳು ನೆಲಕ್ಕೆ ಬಿದ್ದವು. ರಸ್ತೆಯಾಚೆಯ ಜನ ಎದ್ದು ನೋಡಿದರು. ಗೌರಿ ಕಣ್ಣು ಕೂಡ ಬಿಡಲಿಲ್ಲ. "ನಿದ್ದಿ ಅಂದ್ರ ಹಿಂಗಿರಬೇಕು ನೋಡು, ಥೇಟ್ ನನ್ನಂಗ" ಎಂದು ನಾನು ಬೀಗಿದೆ. ಹೆಂಡತಿ ಸುಮಾ ನಗಲಿಲ್ಲ. ಮರುದಿನವೇ ಮಗುವನ್ನೆತ್ತಿಕೊಂಡು ಡಾಕ್ಟರ ಹತ್ತಿರ ಹೊರಟಳು. ಆ ನನ್ನ ಬೀಗುವಿಕೆ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಓಡಾಟ, ಪರೀಕ್ಷೆಗಳೆಲ್ಲ ಮುಗಿದು ಮೂರನೇ ವರ್ಷಕ್ಕೆ ಆಪರೇಷನ್ ಆಗಿ, ಕಿವಿಯ ಹಿಂದೆ ಯಂತ್ರ ಕೂತಿತು. ಆದರೆ ಯಂತ್ರ ಕೊಡುವುದು ಬರೀ ಸದ್ದು. ಅದನ್ನು ಮಾತಾಗಿ ಹಿಡಿಯುವುದನ್ನು ಕಲಿಸಬೇಕು, ಮನೆಯ ಮಾತಿನಲ್ಲೇ ಕಲಿಸಬೇಕು, ಮೊದಲಿನ ತಿಂಗಳುಗಳನ್ನು ಸುಮ್ಮನೆ ಕಳೆಯಬಾರದು ಎಂದರು ಡಾಕ್ಟರು. ಕನ್ನಡದಲ್ಲಿ ಕಲಿಸುವ ಮೇಡಂ ಸಿಕ್ಕಿದ್ದು ಧಾರವಾಡದಲ್ಲಿ. ವಾರಕ್ಕೆ ಮೂರು ದಿನ, ವಿಡಿಯೋ ಕಾಲ್ ಮೇಲೆ ಪಾಠ.

ನಮ್ಮ ಬಾಡಿಗೆ ಮನೆಯೋ, ಜುವಾರಿ ಹೊಳೆಯ ಕಡೆಗಿನ ಇಳಿಜಾರಿನಲ್ಲಿದೆ. ಕೆಂಪುಕಲ್ಲಿನ ದಪ್ಪ ಗೋಡೆ. ಒಳಗೆ ಕೂತು ಮೊಬೈಲ್ ಹಚ್ಚಿದರೆ ಮೇಡಂ ತೆರೆದ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದರು. ಬ್ರಾಡ್‌ಬ್ಯಾಂಡ್‌ಗೆ ಅರ್ಜಿ ಕೊಟ್ಟೆ. ಕಂಬ ನೆಡಬೇಕು, ಮಳೆಗಾಲದಲ್ಲಿ ರಸ್ತೆ ಅಗೆಯುವಂತಿಲ್ಲ ಎಂದರು. ಆಮೇಲೆ ಯಾವಾಗ ಫೋನ್ ಮಾಡಿದರೂ ಒಂದೇ ಉತ್ತರ, "ಫಾಲ್ಯಾಂ." ಕೊಂಕಣಿಯಲ್ಲಿ ಹಾಗೆಂದರೆ ನಾಳೆ. ನಾನು ನಾಳೆಯನ್ನು ನಂಬುವ ಪೈಕಿ.

"ಲೈನ್ ಹೆಂಗೂ ಬರತೈತಿ, ಒಂದೆರಡು ತಿಂಗಳು ತಡಿ. ಸದ್ಯಕ್ಕ ಅಂತ ಏನರೆ ಮಾಡಿ ಯಾಕ ಒದ್ದಾಡೂದು?" ಎಂದೆ.

"ನಿಮ್ಮ ಕಂಬ ಬರೂತನಕ ಆಕಿ ಕಿವಿ ಕಾಯ್ಕೊಂಡು ಕುಂದರತೈತೇನ್ರಿ?" ಎಂದಳು ಸುಮಾ.

ಸಂಜೆಯೊಳಗೆ ಆಕೆ ರಿಚಾರ್ಜ್ ಅಂಗಡಿಯಿಂದ ಸಿಮ್ ಹಾಕುವ ಒಂದು ಹಾಟ್‌ಸ್ಪಾಟ್ ಡಬ್ಬಿ ತಂದಿದ್ದಳು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ತಟ್ಟೆಯಲ್ಲಿಟ್ಟುಕೊಂಡು ಆರತಿಗೆ ಹೊರಟವಳಂತೆ ಮನೆಯೆಲ್ಲ ತಿರುಗಿದಳು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಕೈ ಬೀಸಿ ಕೂಗಬೇಕು, "ಬಂತು! ಬಂತು! ಹೋತು!" ದೇವರ ಮುಂದೆ ಬಂತು, ಒಲೆಯ ಹತ್ತಿರ ಹೋಯಿತು. ಕೊನೆಗೆ ಗಟ್ಟಿಯಾಗಿ ನಿಂತದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಹೊರಗೆ ಜುಲೈ ತಿಂಗಳ ಮಳೆ.

ಇಲ್ಲಿ ನನ್ನ ಜಾಣತನ ಕೆಲಸ ಮಾಡಿತು. ಅಂಗಡಿಯಿಂದ ಒಳ್ಳೆಯ ಸ್ಟೀಲ್ ಡಬ್ಬಿ ತಂದೆ. ಹನಿ ನೀರು ಒಳಗೆ ಹೋಗದು ಎಂದು ಗಿರಾಕಿಗಳಿಗೆ ನಾನೇ ಆಣೆ ಮಾಡಿ ಹೇಳುವಂಥ ಮಾಲು. ಹಾಟ್‌ಸ್ಪಾಟನ್ನು ಅದರೊಳಗಿಟ್ಟು, ಮುಚ್ಚಳ ಬಿಗಿದು ಕಲ್ಲಿನ ಮೇಲಿಟ್ಟೆ. ನೀರು ಹೋಗಲಿಲ್ಲ. ನೆಟ್ಟೂ ಬರಲಿಲ್ಲ. ಎರಡು ಪಾಠ ತಪ್ಪಿದವು. ನಾನು ಸಿಮ್ ಕೊಟ್ಟವರನ್ನು ಬೈದೆ, ಮೋಡವನ್ನು ಬೈದೆ. ಪಕ್ಕದ ಮನೆಯ ಫಿಲೋಮಿನಾ ಆಂಟಿ ಬೇಲಿಯಾಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೇ ಬಾಬಾ, ಸ್ಟೀಲಾಂತ್ ರೇಂಜ್ ಯೇನಾ!" ಸ್ಟೀಲಿನೊಳಗೆ ಸಿಗ್ನಲ್ ಬರುವುದಿಲ್ಲ ಮಾರಾಯಾ ಎಂದು. ಒಳಗೆ ಹೋಗಿ, ತಮ್ಮ ಸಿಗಡಿ ಉಪ್ಪಿನಕಾಯಿ ತೀರಿದ ಪ್ಲಾಸ್ಟಿಕ್ ಡಬ್ಬಿಯನ್ನು ತಂದು ಕೊಟ್ಟರು.

ಬೇರೆ ಡಬ್ಬಿ ನಾನೇ ಕೊಂಡು ತರುತ್ತೇನೆ ಎಂದೆ. ಪಾಠಕ್ಕೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಸುಮಾ ನನ್ನ ಕಡೆ ನೋಡಲೂ ಇಲ್ಲ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಲಿಂಬೆಹಣ್ಣು ಹಾಕಿ ನಾಲ್ಕು ಸಲ ತಿಕ್ಕಿದಳು. ವಾಸನೆ ಹೋಗಲಿಲ್ಲ. "ಇರಲಿ, ನೆಟ್ಟಿಗೇನು ಮೂಗೈತೇನು" ಎಂದು ಹಾಟ್‌ಸ್ಪಾಟನ್ನು ಅದರೊಳಗಿಟ್ಟಳು. ಮೇಡಂ ನಗುತ್ತ ಕಾಣಿಸಿಕೊಂಡರು.

ಆರು ವಾರ ಹಾಗೆ ನಡೆಯಿತು. ಮೇಡಂ "ಅವ್ವ" ಎನ್ನುತ್ತಿದ್ದರು, "ಬಾ" ಎನ್ನುತ್ತಿದ್ದರು. ಗೌರಿ ಅವರ ತುಟಿ ನೋಡುತ್ತ ಕೂತಿರುತ್ತಿದ್ದಳು. ಒಂದು ಶಬ್ದವಿಲ್ಲ. ನನಗೆ ಹೆದರಿಕೆಯಾಗತೊಡಗಿತ್ತು. ಸುಮಾ ಮಾತ್ರ ಒಂದೂ ಪಾಠ ತಪ್ಪಿಸಲಿಲ್ಲ. ನೆಟ್ಟು ಹೋದರೆ ಕೊಡೆ ಹಿಡಿದು ಹಿತ್ತಲಿಗೆ ಓಡಿ, ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸಿ, "ಬಂತೇನ್ರಿ?" ಎಂದು ಕೂಗುತ್ತಿದ್ದಳು. ನಾನು ಒಳಗಿನಿಂದ ಉತ್ತರ ಕೊಡುತ್ತಿದ್ದೆ.

ಆ ದಿನ ದೊಡ್ಡ ಮಳೆ. ಪಾಠದ ನಡುವೆ ಮೇಡಂ ಮಾಯವಾದರು. ಸುಮಾ ಹೊರಗೆ ಓಡಿದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಗೌರಿ, ಥೇಟ್ ನನ್ನ ಹಾಗೆ ಕೈ ಬೀಸಿ, ಸಣ್ಣ ದನಿಯಲ್ಲಿ "ಓತು" ಎಂದಳು.

ಹೊರಗಿನಿಂದ ಸುಮಾ ಕೇಳಿದಳು, "ಬಂತೇನ್ರಿ?" ಪರದೆಯ ಮೇಲೆ ಮೇಡಂ ಮತ್ತೆ ಬಂದಿದ್ದರು. ನಾನು ಪರದೆ ಬಿಟ್ಟು ಗೌರಿಯ ಬಾಯಿಯನ್ನೇ ನೋಡುತ್ತಿದ್ದೆ. ಇನ್ನೂ ಬಂದಿಲ್ಲವೆಂದುಕೊಂಡು ಆಕೆ ಕೊಡೆ ಬಿಸುಟು, ಕಲ್ಲಿನ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಎರಡೂ ಕೈಯಲ್ಲಿ ಡಬ್ಬಿಯನ್ನು ಮೇಲೆತ್ತಿ ಹಿಡಿದಳು. "ಈಗರೆ ಬಂತೇನು?"

ಗೌರಿ ಕಿಟಕಿಯ ಕಡೆ ತಿರುಗಿ ಕೂಗಿದಳು, "ಬಂತು!"

ಸುಮಾ ಕೇಳಿಸಿಕೊಂಡಳು. ಆದರೆ ಒಳಗೆ ಓಡಿ ಬರಲಿಲ್ಲ. ಕೈ ಇಳಿಸಿದರೆ ನೆಟ್ಟು ಹೋದೀತೆಂದು ಪಾಠ ಮುಗಿಯುವವರೆಗೆ ಹಾಗೇ ನಿಂತಿದ್ದಳು, ಅಳುತ್ತ, ನೆನೆಯುತ್ತ. ನಾನು ಹೋಗಿ ಕೊಡೆ ಹಿಡಿದೆ. ನನ್ನಿಂದ ಆದದ್ದು ಅಷ್ಟೇ.

ಕಂಬ ಬಂದದ್ದು ಮಳೆಗಾಲ ಮುಗಿದ ಮೇಲೆ. ಗೌರಿ ಈಗ ಶಾಲೆಯಲ್ಲಿ ಮೂರನೇ ಇಯತ್ತೆ. ಆಂಟಿಯೊಂದಿಗೆ ಕೊಂಕಣಿಯಲ್ಲೂ ನಮ್ಮೊಂದಿಗೆ ಕನ್ನಡದಲ್ಲೂ ಜಗಳವಾಡುತ್ತಾಳೆ. ಮೊನ್ನೆ ಡಬ್ಬಿಯನ್ನು ಮೂಸಿ ಮುಖ ಕಿವುಚಿದಳು. "ಅಪ್ಪಾ, ಛೀ! ವಾಸನಿ ಇನ್ನೂ ಹೋಗಿಲ್ಲ!"

"ಒಗದುಬಿಡ್ರಿ ಅದನ್ನ, ಈಗ ಯಾಕ ಬೇಕು?" ಅಡುಗೆಮನೆಯಿಂದ ಸುಮಾ ಹೇಳಿದಳು.

ಎಸೆಯಲಿಲ್ಲ. ಅಂಗಡಿಗೆ ಒಯ್ದು, ಸ್ಟೀಲ್ ಡಬ್ಬಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಇವತ್ತು ಒಬ್ಬ ಗಿರಾಕಿ ಅದನ್ನೇ ತೋರಿಸಿ ಬೆಲೆ ಕೇಳಿದರು. "ಅದು ಮಾರೂದಲ್ರಿ" ಎಂದೆ. ಅವರು ಹೋದ ಮೇಲೆ ಕೆಳಗಿಳಿಸಿ, ಮುಚ್ಚಳ ತೆಗೆದು, ಉಸಿರು ಬಿಗಿಹಿಡಿಯದೆ ಒಮ್ಮೆ ಮೂಸಿದೆ. ಆಮೇಲೆ ವಾಸನೆ ಹೋಗದಿರಲೆಂದು ಇನ್ನೊಂದು ಸುತ್ತು ಬಿಗಿದಿಟ್ಟೆ.